ಸೇದದ ಸಿಗರೇಟು

ಮಾರ್ಚ್ 3

ಈ ಪುಸ್ತಕವನ್ನು ನಾನೇ ಕಟ್ಟಿದೆ. ಕಾನೂನು ಕಾಲೇಜಿನ ಸಂಪುಟಗಳಿಗೆ ತರಿಸಿದ ಕಾಗದದಲ್ಲಿ ಮಿಕ್ಕಿದ್ದು, ಬೆನ್ನಿಗೆ ಒಂದು ತುಂಡು ಚರ್ಮ. ಇಪ್ಪತ್ತೊಂಬತ್ತು ವರ್ಷದಿಂದ ಊರವರ ಪುಸ್ತಕಗಳಿಗೆಲ್ಲ ಬೈಂಡ್ ಹಾಕಿದ್ದೇನೆ, ನನ್ನದು ಎಂಬ ಒಂದು ಪುಸ್ತಕ ಇರಲಿಲ್ಲ. ಈಗ ಬೇಕಾಗಿದೆ. ಯಾರು ಯಾವತ್ತು ಏನು ಮಾಡಿದರು ಎಂಬುದಕ್ಕೆ ಬರವಣಿಗೆಯ ಸಾಕ್ಷಿ ಇರಬೇಕು. ಬಾಯಿಮಾತನ್ನು ಜನ ಆಡಿದಷ್ಟೇ ಸುಲಭವಾಗಿ ಇಲ್ಲ ಎನ್ನುತ್ತಾರೆ.

ವಿಷಯ ಇಷ್ಟು. ಆರು ತಿಂಗಳಿಂದ ತಲೆನೋವು, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಕಣ್ಣು ಸದಾ ಕೆಂಪು. ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿದ. ಇವತ್ತು ಚೀಟಿ ಬಂತು. ಹಿಮೋಗ್ಲೋಬಿನ್ ಹತ್ತೊಂಬತ್ತು ಪಾಯಿಂಟ್ ಎರಡು. ಗಂಡಸರಿಗೆ ಹದಿನೇಳು ದಾಟಬಾರದಂತೆ.

"ನಿಮಗೆ ರಕ್ತ ಜಾಸ್ತಿ ಆಗಿದೆ" ಅಂದ.

ರಕ್ತ ಇಲ್ಲದೆ ಬಿಳುಚಿಕೊಂಡವರನ್ನು ನೋಡಿದ್ದೇನೆ. ಜಾಸ್ತಿಯಾಗುವುದೂ ಒಂದು ಕಾಯಿಲೆಯೇ? ಬೇರೆ ಏನೂ ಸಿಗದೆ ಇದನ್ನು ಹುಡುಕಿದ ಹಾಗಿದೆ.

"ಸಿಗರೇಟು ಸೇದ್ತೀರಾ?"

"ಬಿಟ್ಟು ಆರು ವರ್ಷ ಆಯ್ತು."

ಅವನು ಚೀಟಿ ನೋಡಿದ, ನನ್ನ ಮುಖ ನೋಡಿದ, ಮತ್ತೆ ಚೀಟಿ ನೋಡಿದ. ಕಳ್ಳನನ್ನು ನೋಡುವ ನೋಟ ನನಗೆ ಗೊತ್ತು. ದೊಡ್ಡಾಸ್ಪತ್ರೆಗೆ ಬರೆದುಕೊಟ್ಟ.

ಮಾರ್ಚ್ 8

ಲ್ಯಾಬಿನವರು ಸೀಸೆ ಅದಲುಬದಲು ಮಾಡಿರಬೇಕು. ಅದಕ್ಕೇ ಇವತ್ತು ಮಾರುಕಟ್ಟೆ ಹಿಂದಿನ ಇನ್ನೊಂದು ಲ್ಯಾಬಿಗೆ ಹೋಗಿ ನನ್ನ ಭಾವನ ಹೆಸರು ಹೇಳಿ ರಕ್ತ ಕೊಟ್ಟೆ. ನನ್ನ ಹೆಸರು ಕೇಳಿದರೆ ಮೊದಲ ಲ್ಯಾಬಿಗೆ ಫೋನ್ ಮಾಡಿ ಅದನ್ನೇ ಬರೆದುಬಿಡಬಹುದು. ಸಂಜೆ ಚೀಟಿ ಸಿಕ್ಕಿತು. ಹತ್ತೊಂಬತ್ತು ಪಾಯಿಂಟ್ ನಾಲ್ಕು.

ಭಾವನಿಗೂ ರಕ್ತ ಜಾಸ್ತಿಯಾಯಿತು ಅಂತಾಯಿತು. ಪಾಪ, ಅವನಿಗೆ ಗೊತ್ತೇ ಇಲ್ಲ.

ಮಾರ್ಚ್ 15

ದೊಡ್ಡಾಸ್ಪತ್ರೆ. ರಕ್ತದ ಕಾಯಿಲೆಗೇ ಬೇರೆ ಡಾಕ್ಟರು. ಹೆಂಗಸು, ನನ್ನ ಮಗಳ ವಯಸ್ಸಿರಬಹುದು (ಮಗಳಿದ್ದಿದ್ದರೆ), ಮಾತು ಬಲು ವೇಗ. ಮೊದಲು ಒಂದು ಫಾರಂ ತುಂಬಲು ಕೊಟ್ಟರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಯಾರ ಅಂಗಡಿಯ ಹೆಸರು, ಫೋನ್ ನಂಬರು? ನಮ್ಮ ಅಂಗಡಿ ಪಕ್ಕದ ಜೆರಾಕ್ಸಿನವನದು! ಇಲ್ಲಿಯ ಫಾರಂಗಳನ್ನೆಲ್ಲ ಅವನೇ ಮಾಡಿಕೊಡುವುದು. ಅಂದಮೇಲೆ ಇಲ್ಲಿ ಬರೆದದ್ದು ಅವನ ಕಣ್ಣಿಗೆ ಬೀಳುವುದಿಲ್ಲ ಎಂದು ಹೇಗೆ ಹೇಳುವುದು? 'ಉದ್ಯೋಗ' ಎಂಬಲ್ಲಿ 'ವ್ಯಾಪಾರ' ಎಂದಷ್ಟೇ ಬರೆದೆ.

ಡಾಕ್ಟರಮ್ಮ ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. "ಇದು ಎರಡು ಥರ ಬರುತ್ತೆ. ಒಂದು, ಮೂಳೆ ಒಳಗಿನ ಮಜ್ಜೆ ಯಾರ ಮಾತೂ ಕೇಳದೆ ಕೆಂಪು ಕಣ ಮಾಡ್ತಾ ಹೋಗೋದು. ಇನ್ನೊಂದು, ಮೈಗೆ ಆಮ್ಲಜನಕ ಸಾಲ್ತಿಲ್ಲ ಅಂತ ಮಜ್ಜೆ ಪಾಪ ಹೆಚ್ಚಿಗೆ ದುಡಿಯೋದು. ನಿಮ್ಮದು ಯಾವುದು ಅಂತ ಜೀನ್ ಪರೀಕ್ಷೆ ಹೇಳುತ್ತೆ, ಅದಕ್ಕೆ ಸಮಯ ಹಿಡಿಯುತ್ತೆ. ಅಲ್ಲೀವರೆಗೂ ಸುಮ್ನೆ ಇರೋ ಹಾಗಿಲ್ಲ. ರಕ್ತ ಗಟ್ಟಿಯಾಗಿದೆ. ಮೆದುಳಲ್ಲಿ ಹೆಪ್ಪುಗಟ್ಟಿದ್ರೆ ಲಕ್ವ ಹೊಡೆಯುತ್ತೆ. ಸ್ವಲ್ಪ ಸ್ವಲ್ಪ ತೆಗೀತಾ ಇರ್ಬೇಕು."

ಬಲಗೈ ಬಿದ್ದುಹೋದರೆ ಬೈಂಡರನ ಕಥೆ ಮುಗಿದಂತೆ. ಹೆದರಿದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಅಲ್ಲೇ ಇನ್ನೊಂದು ಪರೀಕ್ಷೆ ಮಾಡಿ ಬಂದು ಕೂತಳು. ನನ್ನ ಹೆಂಡತಿ ಪಕ್ಕದಲ್ಲೇ ಇದ್ದಳು.

"ನಿಮ್ಮ ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಹೊಗೇಲಿರೋ ಅನಿಲ. ನೂರಕ್ಕೆ ಒಂಬತ್ತು. ದಿನಕ್ಕೊಂದು ಪ್ಯಾಕ್ ಸೇದೋರಲ್ಲಿ ಇಷ್ಟಿರುತ್ತೆ. ನನ್ನ ಹತ್ರ ಮುಚ್ಚಿಟ್ರೆ ನಿಮಗೇ ನಷ್ಟ."

ಹೊರಗೆ ಬಂದಮೇಲೆ ಹೆಂಡತಿ ಒಂದೇ ಮಾತು ಕೇಳಿದಳು. "ಬೆಂಕಿ ಇಲ್ದೆ ಹೊಗೆ ಆಡುತ್ತೇನ್ರೀ?"

ಅವಳ ಅಪ್ಪ ಸಿಗರೇಟಿನಿಂದಲೇ ಹೋದವರು. ಕೊನೆಯ ಒಂದು ವರ್ಷ ಉಸಿರಿಗೆ ಪಟ್ಟ ಪಾಡನ್ನು ಅವಳೇ ನೋಡಿಕೊಂಡಳು. ಆಮೇಲೆ ನನಗೆ ಹೇಳಿದ್ದಳು, ಇನ್ನೊಂದು ಸೇದಿದ್ದು ಗೊತ್ತಾದರೆ ತಂಗಿ ಮನೆಗೆ ಹೋಗುತ್ತೇನೆ, ಕರೆಯಲು ಬರಬೇಡಿ ಎಂದು. ಅವಳು ಹೇಳಿದ ಮೇಲೆ ಹೇಳಿದ ಹಾಗೆ. ನಾನು ಸೇದಿಲ್ಲ. ಇಲ್ಲಿ ಬರೆಯುತ್ತಿದ್ದೇನೆ: ಆರು ವರ್ಷದಲ್ಲಿ ಒಂದೂ ಸೇದಿಲ್ಲ.

ಮಾರ್ಚ್ 16

ಸ್ನಾನಕ್ಕೆ ಹೋದಾಗ ನನ್ನ ಅಂಗಿ ಮೂಸಿ ನೋಡುತ್ತಿದ್ದಳು. ಬಾಗಿಲ ಸಂದಿಯಿಂದ ಕಂಡೆ.

ಮಾರ್ಚ್ 22

ಇವತ್ತು ರಕ್ತ ತೆಗೆದರು. ಒಂದು ಚೀಲದ ತುಂಬ. ನರ್ಸಮ್ಮ "ಹೆಬ್ಬೆಟ್ಟಿನಷ್ಟು ದಪ್ಪ ನಿಮ್ಮ ರಕ್ತ, ಇಳಿಯೋದೇ ಇಲ್ಲ" ಎಂದು ನಗಾಡಿದಳು. ನನ್ನ ಗಮನ ಚೀಲದ ಮೇಲೆ. ಹೊರಗೆ ಗೋಡೆಯ ಮೇಲೆಲ್ಲ 'ರಕ್ತದಾನ ಮಾಡಿ' ಎಂಬ ಬೋರ್ಡು. ಅತ್ತ ಬೇಡುವುದು, ಇತ್ತ ನಮ್ಮಂಥವರಿಗೆ ಕಾಯಿಲೆ ಎಂದು ಹೇಳಿ ಬಸಿದುಕೊಳ್ಳುವುದು. ಒಳ್ಳೆ ಉಪಾಯ. ಕಾಯಿಲೆ ಇದೆ ಅಂದವರೂ ಅವರೇ, ಅಳೆದವರೂ ಅವರೇ.

ಅರ್ಧ ಗಂಟೆ ಮಲಗಿರಿ ಎಂದಿದ್ದರು. ಹತ್ತು ನಿಮಿಷಕ್ಕೆ ಎದ್ದು ನರ್ಸಮ್ಮನ ಹಿಂದೆಯೇ ಹೋದೆ. ಅವಳು ಉದ್ದ ಓಣಿ ದಾಟಿ, ಮೆಟ್ಟಿಲಿಳಿದು, ಹಿಂಬದಿಯ ಕೋಣೆಗೆ ಹೋಗಿ ನನ್ನ ಚೀಲವನ್ನು ಹಳದಿ ತೊಟ್ಟಿಗೆ ಹಾಕಿದಳು. ತೊಟ್ಟಿಯ ಮೇಲೆ 'ಸುಡುವುದಕ್ಕೆ' ಎಂದಿತ್ತು.

"ಅದನ್ನ ಯಾರಿಗೂ ಕೊಡಲ್ವಾ?" ಎಂದು ಕೇಳಿಬಿಟ್ಟೆ.

ಅವಳು ಬೆಚ್ಚಿಬಿದ್ದಳು. "ಅಯ್ಯೋ, ನೀವ್ಯಾಕೆ ಎದ್ದು ಬಂದ್ರಿ! ಯಾಕೆ ಹೀಗಾಗಿದೆ ಅಂತ ಗೊತ್ತಿಲ್ದೆ ಇರೋ ರಕ್ತ ಯಾರಿಗೆ ಕೊಡೋಣ?"

ಮಾರುತ್ತಾರೆ ಎಂದು ಸಿಟ್ಟಿತ್ತು. ಈಗ ಎಸೆದರಲ್ಲ ಎಂದು ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಐವತ್ತಾರು ವರ್ಷ ಉಂಡು ತಿಂದು ಮಾಡಿದ ರಕ್ತ.

ಏಪ್ರಿಲ್ 2

ಹೆಂಡತಿ ಮಾತು ಕಡಿಮೆ ಮಾಡಿದ್ದಾಳೆ. ಅದಕ್ಕಿಂತ ಹೆಚ್ಚಿನ ವಿಷಯ ಒಂದಿದೆ. ಕೆಲಸದ ನಡುವೆ ಎದ್ದೆದ್ದು ಹೊರಗೆ ಹೋಗುತ್ತಾಳೆ.

ನಮ್ಮ ಅಂಗಡಿ ಹನ್ನೆರಡಡಿ ಉದ್ದ, ಎಂಟಡಿ ಅಗಲ. ಅವಳು ಒಲೆಯ ಪಕ್ಕ ಕೂತು ಫಾರಂ ಹೊಲಿಯುತ್ತಾಳೆ. ಹದಿನಾರು ಪುಟ ಮಡಿಸಿದ ಒಂದೊಂದು ಕಟ್ಟಿಗೂ ಫಾರಂ ಎನ್ನುವುದು ನಮ್ಮಲ್ಲಿ. ನಾನು ರಟ್ಟು ಕತ್ತರಿಸಿ, ಚರ್ಮ ಹೊದಿಸಿ, ಬೆನ್ನಿನ ಮೇಲೆ ಚಿನ್ನದ ಹೆಸರು ಒತ್ತುತ್ತೇನೆ. ಹಿತ್ತಾಳೆ ಅಕ್ಷರಗಳನ್ನು ಇದ್ದಿಲ ಒಲೆಯ ಮೇಲೆ ಕಾಯಿಸಿ, ಚಿನ್ನದ ರೇಕು ಹಾಸಿ, ಒಂದೇ ಒತ್ತು. ರೇಕು ಎಷ್ಟು ತೆಳು ಎಂದರೆ ಎದುರಿಗೆ ಸೀನಿದರೆ ಹೋಯಿತು. ಫ್ಯಾನು ಹಾಕುವಂತಿಲ್ಲ, ಬಾಗಿಲು ತೆರೆದಿಡುವಂತಿಲ್ಲ. ಕಿಟಕಿ ಒಂದಿತ್ತು. ಹೋದ ವರ್ಷ ಜೆರಾಕ್ಸಿನವನು ಪಕ್ಕದಲ್ಲಿ ಅಂಗಡಿ ಹಾಕಿದ ವಾರವೇ ಅದರ ಸಂದುಗೊಂದಿಗೆಲ್ಲ ಕಾಗದ ಮೆತ್ತಿ ಮೇಲೆ ದಪ್ಪ ರಟ್ಟು ಹೊಡೆದೆ. ಅದು ತೆರೆಯುವುದು ಅವನ ಓಣಿಗೆ. ಎಷ್ಟು ಕಾಯಿಸುತ್ತೇನೆ, ಎಷ್ಟು ಹೊತ್ತು ಒತ್ತುತ್ತೇನೆ ಎಂಬುದು ನನ್ನ ಅನ್ನ. ಅವನು ಸುರುಳಿ ತಂತಿ ಹಾಕಿ ಪುಸ್ತಕ ಕಟ್ಟುವವನು. ಮೊದಲ ಭೇಟಿಯಲ್ಲೇ "ಅಣ್ಣಾ, ಮುಂದೆ ಯಾವಾಗಾದ್ರೂ ಅಂಗಡಿ ಬಿಡೋದಿದ್ರೆ ನನಗೊಂದು ಮಾತು ಹೇಳಿ" ಅಂದಿದ್ದ. ಮೊದಲ ಭೇಟಿಯಲ್ಲೇ!

ಇವಳು ಹೊರಗೆ ಹೋಗಿ ನಿಲ್ಲುವುದು ಅವನ ಅಂಗಡಿಯ ಮುಂದೆ.

ಏಪ್ರಿಲ್ 9

ಹನ್ನೊಂದಕ್ಕೆ ಒಮ್ಮೆ, ಹನ್ನೆರಡೂವರೆಗೆ ಒಮ್ಮೆ, ಮೂರಕ್ಕೆ ಒಮ್ಮೆ. ಮೂರು ಸಲವೂ ಲೈಟು ಕಂಬ ಹಿಡಿದುಕೊಂಡು ನಿಂತಿದ್ದಳು. ಕೇಳಿದರೆ "ಸೆಕೆ ಕಣ್ರೀ, ಸ್ವಲ್ಪ ಗಾಳಿಗೆ ಹೋದೆ" ಅಂತಾಳೆ. ಮೂರನೇ ಸಲ ಅವನು ಸ್ಟೂಲು ತಂದು ಹಾಕಿದ. ನೀರೂ ಕೊಟ್ಟ. ಈ ಕಾಲದಲ್ಲಿ ಯಾರೂ ಯಾರಿಗೂ ಸುಮ್ಮನೆ ಒಂದು ಲೋಟ ನೀರು ಕೊಡುವುದಿಲ್ಲ.

ಏಪ್ರಿಲ್ 17

ಮೂರನೇ ಸಂಪುಟದಲ್ಲಿ ಹನ್ನೊಂದನೇ ಫಾರಂ ಆದಮೇಲೆ ಒಂಬತ್ತನೆಯದನ್ನು ಹೊಲಿದಿದ್ದಾಳೆ. ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು. ನಿದ್ದೆಗಣ್ಣಲ್ಲೂ ಲೆಕ್ಕ ತಪ್ಪದವಳು ಅವಳು. ತೋರಿಸಿದೆ. "ನಾನಾ? ನಾನು ಇದನ್ನ ಹೊಲ್ದೇ ಇಲ್ಲ" ಅಂದಳು, ನನ್ನ ಮುಖವನ್ನೇ ನೋಡುತ್ತ. ಅಂಗಡಿಯಲ್ಲಿ ಇರುವವರು ಇಬ್ಬರು. ಹಾಗಾದರೆ ನಾನು ಹೊಲಿದೆನೇ?

ನಮ್ಮ ಕೆಲಸ ಕೆಟ್ಟರೆ ಕಾಲೇಜಿನವರು ಎಲ್ಲಿಗೆ ಹೋಗುತ್ತಾರೆ? ಪಕ್ಕದ ಅಂಗಡಿಗೆ. ಬರೆದಿಟ್ಟಿದ್ದೇನೆ.

ಏಪ್ರಿಲ್ 19

ಸುಸ್ತು ಎಂದು ಹೇಳಿ ಕ್ಲಿನಿಕ್ಕಿಗೆ ಹೋಗಿ ಬಂದಳು. ಹಿಮೋಗ್ಲೋಬಿನ್ ಹನ್ನೆರಡಂತೆ. ಹೆಂಗಸರಿಗೆ ಅದು ಸರಿಯಾದ ಲೆಕ್ಕ. ಚೀಟಿಯೇ ಹೇಳುತ್ತಿದೆ, ಇವಳಿಗೆ ಏನೂ ಆಗಿಲ್ಲ. ಕಾಯಿಲೆ ನನಗೆ, ಸುಸ್ತು ಅವಳಿಗೆ.

ಏಪ್ರಿಲ್ 29

ಪಕ್ಕದೂರಿನ ಹಳೇ ಗ್ರಂಥಾಲಯದಲ್ಲಿದ್ದೇನೆ. ಅವರ ದೊಡ್ಡ ಗ್ರಂಥಗಳನ್ನು ಸಾಗಿಸಲಾಗದು, ಇಲ್ಲೇ ಕೂತು ರಿಪೇರಿ ಮಾಡಬೇಕು. ನಾಲ್ಕು ದಿನದ ಕೆಲಸ, ಎರಡು ದಿನ ಆಯಿತು. ಹಾಲ್ ಎಂದರೆ ಹಾಲ್, ಕಾರು ಓಡಿಸಬಹುದು. ಒಂದು ಗೋಡೆಗೆ ಒಂಬತ್ತು ಕಿಟಕಿ. ಪಾರಿವಾಳಗಳು ಒಂದರಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತವೆ, ದಾರಿಯಲ್ಲಿ ಗ್ರಂಥಪಾಲಕನ ಮೇಜಿನ ಮೇಲೆ ತಮ್ಮ ಅಭಿಪ್ರಾಯ ಬರೆದು ಹೋಗುತ್ತವೆ. ಆ ಮನುಷ್ಯ ಒರೆಸುತ್ತ "ಇವೇ ಸ್ವಾಮಿ ನಮ್ಮ ಖಾಯಂ ಓದುಗರು" ಅಂದ. ಎಷ್ಟು ದಿನವಾಗಿತ್ತೋ ಹಾಗೆ ನಕ್ಕು.

ತಲೆನೋವು ಇಲ್ಲ. ಕಿವಿಯ ಸದ್ದೂ ಇಲ್ಲ. ಕೈ ಬರಹ ನೋಡಿದರೆ ನನಗೇ ಆಶ್ಚರ್ಯ, ಅಕ್ಷರ ದುಂಡಗೆ ಸಾಲು ಹಿಡಿದು ಹೋಗುತ್ತಿದೆ. ಸಂಜೆ ಪೇಟೆಯಲ್ಲಿ ಹೊಲಿಯುವಾಗ ಬೆರಳಿಗೆ ಹಾಕುವ ಹಿತ್ತಾಳೆ ಟೋಪಿ ಕಂಡಿತು. ಅವಳದು ತೂತು ಬಿದ್ದಿದೆ. ಒಂದು ಕೊಂಡೆ. ಇವಳೂ ಬಂದಿದ್ದರೆ ಈ ಹಾಲಿನಲ್ಲಿ ಕೂತು ಹೊಲಿಯಬಹುದಿತ್ತು, ಅನ್ನಿಸಿತು.

ಮೇ 1

ಬಸ್ಸಿಳಿದು ನೇರ ಆಸ್ಪತ್ರೆಗೆ. ಅನಿಲದ ಲೆಕ್ಕ ಒಂಬತ್ತರಿಂದ ಎರಡಕ್ಕೆ ಇಳಿದಿದೆ. ಡಾಕ್ಟರಮ್ಮನಿಗೆ ಖುಷಿಯೋ ಖುಷಿ. "ಭೇಷ್! ನೋಡಿ, ನಾಲ್ಕು ದಿನ ಬಿಟ್ಟಿದ್ದಕ್ಕೇ ಎಷ್ಟು ಇಳಿದಿದೆ!"

"ಸೇದಿದ್ರೆ ತಾನೇ ಬಿಡೋದು?"

"ಆಯ್ತು, ಆಯ್ತು" ಎಂದಳು, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ.

ಮನೆಗೆ ಬಂದಾಗ ಹೆಂಡತಿ ನಂಬರು ಕೇಳಿದಳು. ಹೇಳಿದೆ. "ಅಂದ್ರೆ ನಾನಿಲ್ಲದ ಊರಲ್ಲಿ ಸೇದಲ್ಲ. ನಾನಿರೋ ಕಡೆ ಕದ್ದು ಸೇದ್ತೀರಿ. ನನ್ನ ಮೇಲೆ ಇದೆಂಥ ಹಗೆ ರೀ?" ಅಂದಳು. ಬೆರಳಿನ ಟೋಪಿ ಚೀಲದಲ್ಲೇ ಉಳಿಯಿತು.

ಮೇ 3

ತಲೆನೋವು ವಾಪಸ್ಸು ಬಂದಿದೆ.

ಕೂತು ಯೋಚಿಸಿದೆ. ನಾಲ್ಕು ದಿನ ಇಲ್ಲಿರಲಿಲ್ಲ, ಚೆನ್ನಾಗಿದ್ದೆ. ಬಂದ ಎರಡೇ ದಿನಕ್ಕೆ ಮೊದಲಿನ ಹಾಗೆಯೇ. ಅಲ್ಲಿಯೂ ಕೆಲಸ ಅದೇ, ಅದೇ ಚರ್ಮ, ಅದೇ ಅಂಟು. ಇಲ್ಲಿ ಇದ್ದು ಅಲ್ಲಿ ಇಲ್ಲದಿದ್ದದ್ದು ಯಾವುದು?

ಅವಳು. ಮತ್ತು ಅವಳು ಕೊಡುವ ಕಾಫಿ.

ಬರೆಯಲು ಕೈ ಹಿಂಜರಿಯಿತು. ಆದರೂ ಬರೆದೆ.

ಮೇ 7

ಐದು ದಿನದಿಂದ ಅವಳ ಕಾಫಿ ಕುಡಿದಿಲ್ಲ. ಬಚ್ಚಲಿಗೆ ಚೆಲ್ಲುತ್ತೇನೆ. ತಲೆನೋವು ಹೋಗಿಲ್ಲ, ಅಂದಮೇಲೆ ಬೇರೆ ಯಾವುದರಲ್ಲೋ ಬೆರೆಸುತ್ತಿರಬೇಕು.

ಇವತ್ತು ಅವಳು ಕಂಬದ ಹತ್ತಿರ ಹೋದಾಗ ದಾರದ ಡಬ್ಬ ತೆಗೆದು ನೋಡಿದೆ. ಉಂಡೆಗಳ ಅಡಿಯಲ್ಲಿ ಕಾಗದದ ಪೊಟ್ಟಣ, ಒಳಗೆ ಬಿಳಿ ಗುಳಿಗೆಗಳು. ಹೆಸರಿಲ್ಲ, ಗುರುತಿಲ್ಲ. ಹದಿನಾಲ್ಕು ಇದ್ದವು. ಕಾಯಿಲೆ ಇಲ್ಲದವಳಿಗೆ ಗುಳಿಗೆ ಯಾಕೆ? ಬಚ್ಚಿಡುವುದು ಯಾಕೆ?

ಇದ್ದ ಹಾಗೆಯೇ ಇಟ್ಟೆ. ಇನ್ನು ದಿನಾ ಎಣಿಸುತ್ತೇನೆ.

ಮೇ 10

ಗುಳಿಗೆ ಒಂಬತ್ತಾಗಿದೆ. ಮೂರು ದಿನಕ್ಕೆ ಐದು.

ಮಧ್ಯಾಹ್ನ ಎರಡು ಇಪ್ಪತ್ತಕ್ಕೆ ಹೊಲಿಗೆ ಚೌಕಟ್ಟಿನ ಪಕ್ಕ ಒರಗಿ ಕೆಳಗೆ ಜಾರಿದಳು. ಸೂಜಿ ಕೈಯಲ್ಲೇ ಇತ್ತು. ಕಣ್ಣು ಮುಚ್ಚಿತ್ತು. ಗುಟ್ಟು ಹೊರಬಿದ್ದಿದೆ ಎಂದು ಗೊತ್ತಾಗಿ ಕರುಣೆ ಹುಟ್ಟಿಸಲು ನೋಡುತ್ತಿದ್ದಾಳೆ ಎಂದುಕೊಂಡೆ. ನಾನು ಎಬ್ಬಿಸಲಿಲ್ಲ. ಈ ನಾಟಕ ಎಷ್ಟು ಹೊತ್ತು ನಡೆಯುತ್ತದೆ ನೋಡೋಣ ಎಂದು ಗೋಡೆಯ ಗಡಿಯಾರ ನೋಡುತ್ತ ಕೂತೆ. ನನ್ನ ತಲೆಯೂ ಸೀಳುತ್ತಿತ್ತು. ಹನ್ನೊಂದು ನಿಮಿಷ. ಅಷ್ಟರಲ್ಲಿ ಕಾಲೇಜಿನ ಜವಾನ ಬಂದು ಬಾಗಿಲು ಅಗಲಕ್ಕೆ ತೆರೆದು ನಿಂತು ಮಾತಾಡಿದ. ಸ್ವಲ್ಪ ಹೊತ್ತಿಗೆ ಇವಳು ಎದ್ದು ಕೂತಳು. ಹೊರಗಿನವರು ಬಂದ ಕೂಡಲೇ ಹುಷಾರು! ಇದಕ್ಕಿಂತ ಸಾಕ್ಷಿ ಬೇಕೆ?

ಮೇ 13

ಜೆರಾಕ್ಸಿನವನು ದಾರಿಯಲ್ಲಿ ಅಡ್ಡಹಾಕಿ, "ಅಣ್ಣಾ, ಅಕ್ಕಂಗೆ ಮೈಯಲ್ಲಿ ಹುಷಾರಿಲ್ಲ ಅನ್ಸುತ್ತೆ. ಮೊನ್ನೆ ಇಲ್ಲೇ ಮೋರಿ ಹತ್ರ ವಾಂತಿ ಮಾಡಿದ್ರು" ಅಂದ.

ಅಕ್ಕನಂತೆ. ಹೆಗಲು ಮುಟ್ಟಿ ನೋಡಿಕೊಳ್ಳುವ ಕುಂಬಳಕಾಯಿ ಕಳ್ಳ.

ಮೇ 24

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯಬೇಕು.

ಕೊನೆಯ ಸಂಪುಟದ ಹೊಲಿಗೆ ಇತ್ತು, ಅವಳು ಅಂಗಡಿಯಲ್ಲೇ ಉಳಿದಳು. ಬಂದ ಕೂಡಲೇ ಅಕ್ಷರ ಒತ್ತಬೇಕೆಂದು ಒಲೆ ಹಚ್ಚಿಟ್ಟೇ ನಾನೊಬ್ಬನೇ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಚೀಟಿ ಮುಂದೆ ಇಟ್ಟಳು. "ಜೀನ್ ಪರೀಕ್ಷೇಲಿ ಏನೂ ಸಿಗ್ಲಿಲ್ಲ. ನಿಮ್ಮ ಮಜ್ಜೆ ತಪ್ಪು ಮಾಡ್ತಿಲ್ಲ. ಆದ್ರೆ ಅನಿಲ ಮತ್ತೆ ಒಂಬತ್ತಾಗಿದೆ. ಮತ್ತೆ ಶುರು ಮಾಡಿದ್ರಾ?"

ತಡೆಯಲಾಗಲಿಲ್ಲ. ಎದ್ದು ನಿಂತೆ. "ನೀವೇ ಬಂದು ಬೆಳಗ್ಗೆಯಿಂದ ಸಂಜೆವರೆಗೂ ನನ್ನ ಅಂಗಡೀಲಿ ಕೂತ್ಕೊಳ್ಳಿ! ಒಂದು ಬೆಂಕಿಕಡ್ಡಿ ಗೀರಿದ್ರೆ ಕೇಳಿ! ಒಲೆ ಹಚ್ಚೋವಾಗ ಬಿಟ್ರೆ ನಾನು ಬೆಂಕಿಪೊಟ್ಣ ಮುಟ್ಟೋದೇ ಇಲ್ಲ!"

"ಯಾವ ಒಲೆ?" ಅಂದಳು.

ನಾನು ತುಂಬಿದ್ದ ಫಾರಂ ತೆಗೆದು ಮೇಜಿನ ಮೇಲಿಟ್ಟಳು.

"ವ್ಯಾಪಾರ ಅಂತ ಬರೆದಿದ್ದೀರಿ. ಏನು ವ್ಯಾಪಾರ?"

ಹೇಳಿದೆ. ಬೈಂಡಿಂಗು, ಚಿನ್ನದ ಅಕ್ಷರ, ಇದ್ದಿಲು. ಅವಳ ಪೆನ್ನು ಮೇಜಿನ ಮೇಲಿತ್ತು, ಅದನ್ನು ಎತ್ತಿಕೊಳ್ಳಲೂ ಇಲ್ಲ.

"ದಿನಕ್ಕೆ ಎಷ್ಟು ಹೊತ್ತು ಉರಿಯುತ್ತೆ?"

"ಈಗ ಕೆಲಸ ಜಾಸ್ತಿ. ಬೆಳಗ್ಗೆ ಒಂಬತ್ತರಿಂದ."

"ಕಿಟಕಿ?"

"ಮುಚ್ಚಿದ್ದೀನಿ. ಸಂದಿಗೆಲ್ಲ ಕಾಗದ ಅಂಟಿಸಿ."

"ಅಯ್ಯೋ ದೇವರೇ" ಎಂದಳು, ಡಾಕ್ಟರುಗಳು ಅನ್ನಬಾರದ ಮಾತು. "ನೀವು ಸೇದಿಲ್ಲ. ಇದ್ದಿಲು ಸೇದಿಸಿದೆ ನಿಮಗೆ. ಆ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಕೆಂಪು ಕಣ ಅಂದ್ರೆ ಆಮ್ಲಜನಕ ಹೊರೋ ಹಮಾಲಿ ಅಂದ್ಕೊಳ್ಳಿ. ಇದು ಬಂದು ಅವನ ಹೆಗಲ ಮೇಲೆ ಕೂತ್ರೆ ಬೇಗ ಇಳಿಯಲ್ಲ. ಅದಕ್ಕೇ ನಿಮ್ಮ ಮೈ ಹೊಸ ಹೊಸ ಹಮಾಲಿಗಳನ್ನ ಸೇರಿಸ್ತಾ ಹೋಯ್ತು. ಹತ್ತೊಂಬತ್ತು ಆಗಿದ್ದು ಹಾಗೆ."

ಗೆದ್ದೆ ಅನ್ನಿಸಿತು. ಎರಡು ತಿಂಗಳಿಂದ ಕಾದಿದ್ದ ಮಾತು. ಮನೆಗೆ ಹೋಗಿ ಹೇಗೆ ಹೇಳಬೇಕು, ಯಾವ ಮುಖ ಮಾಡಿಕೊಂಡು ಹೇಳಬೇಕು ಎಂದು ಆಗಲೇ ಯೋಚಿಸತೊಡಗಿದ್ದೆ.

"ಆ ಕೋಣೇಲಿ ನಿಮ್ಮ ಜೊತೆ ಇನ್ಯಾರು ಇರ್ತಾರೆ?" ಅಂದಳು.

ಹೆಂಡತಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಯಾರ ಜೊತೆ ಮಾತಾಡುತ್ತ ನಿಂತಿದ್ದಾಳೋ ಎಂಬ ಯೋಚನೆ ಬರಬೇಕಿತ್ತು, ಬರಲಿಲ್ಲ. ಜೆರಾಕ್ಸಿನವನ ನಂಬರು ನನ್ನ ಹತ್ತಿರ ಇರಲಿಲ್ಲ, ಇಟ್ಟುಕೊಂಡವನೇ ಅಲ್ಲ. ಮೇಜಿನ ಮೇಲಿದ್ದ ಫಾರಂ ಎಳೆದುಕೊಂಡು ಕೆಳಗಿನ ಸಣ್ಣ ಅಕ್ಷರ ಓದಿ ಒತ್ತಿದೆ.

"ತಮ್ಮಾ, ನಮ್ಮ ಅಂಗಡಿ ಬಾಗಿಲು ತೆಗಿ. ಕಿಟಕಿ ಒಡೆದ್ಬಿಡು. ಅವಳನ್ನ ಹೊರಗೆ ಎಳ್ಕೋ. ಯಾಕೆ ಅಂತ ಕೇಳ್ಬೇಡ."

ಅವನು ಕೇಳಲಿಲ್ಲ. ಫೋನಿನಲ್ಲೇ ಅವನು ಓಡುವುದು ಕೇಳಿಸಿತು, ಆಮೇಲೆ "ಅಕ್ಕಾ, ಅಕ್ಕಾ" ಎಂದು ಕೂಗುವುದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ.

ಉಸಿರಿದೆ. ಅವನೇ ಆಟೋದಲ್ಲಿ ಮಲಗಿಸಿಕೊಂಡು ಬಂದ. ರಟ್ಟಿನ ಹಿಂದಿನ ಗಾಜು ತಗುಲಿ ಅವನ ಮುಂಗೈ ಹರಿದಿತ್ತು. ನಾನು ಅವನ ಕೈಯನ್ನೇ ಹಿಡಿದು ನಿಂತೆ, ಬಿಡಿಸಿಕೊಳ್ಳಲು ಅವನಿಗೂ ಮುಜುಗರ.

ಮೇ 25

ಮೂಗು ಬಾಯಿಗೆ ಮುಖವಾಡ ಹಾಕಿ ಆಮ್ಲಜನಕ ಕೊಡುತ್ತಿದ್ದಾರೆ. ನಿನ್ನೆ ಬಂದಾಗ ಅವಳ ರಕ್ತದಲ್ಲಿ ಅನಿಲ ನೂರಕ್ಕೆ ಇಪ್ಪತ್ತಾರು. ಹಿಮೋಗ್ಲೋಬಿನ್ ಅದೇ ಹನ್ನೆರಡು.

"ಅದೇ ಮೋಸ" ಎಂದಳು ಡಾಕ್ಟರಮ್ಮ. "ನಿಮ್ಮ ಮೈ ಕಳ್ಳ ಬಂದ ಅಂತ ಕೂಗಿಕೊಳ್ತು, ಹತ್ತೊಂಬತ್ತು ಅಂತ. ಇವರ ಮೈಲಿ ಕಬ್ಬಿಣದ ಅಂಶವೇ ಇಲ್ಲ, ಕೂಗೋಕೂ ತ್ರಾಣ ಇರಲಿಲ್ಲ. ಎಲ್ಲರೂ ಲೆಕ್ಕ ಸರಿಯಿದೆ ಅಂದ್ಕೊಂಡ್ರು."

ಮಧ್ಯಾಹ್ನ ಮುಖವಾಡ ಸರಿಸಿ ಅವಳೇ ಮಾತಾಡಿದಳು. "ಹಾಗಾದ್ರೆ ನೀವು ಸೇದಿರ್ಲಿಲ್ಲ."

"ಇಲ್ಲ."

"ನಾನು ನಂಬ್ಲಿಲ್ಲ ನಿಮ್ಮನ್ನ. ಅಂಗಿ ಮೂಸಿ ನೋಡಿದ್ದೂ ಉಂಟು. ತಪ್ಪಾಯ್ತು ಕಣ್ರೀ." ಕಣ್ಣಲ್ಲಿ ನೀರು ತಂದುಕೊಂಡಳು. ಒಂದು ಅಂಗಿ ಮೂಸಿದ್ದಕ್ಕೆ.

ಆ ಗುಳಿಗೆ ಯಾತಕ್ಕೆಂದು ಕೇಳಿದೆ. ತಲೆನೋವಿಗೆ ಕ್ಲಿನಿಕ್ಕಿನವನು ಕೊಟ್ಟದ್ದಂತೆ. ನನಗೇ ಕಾಯಿಲೆ ಇರುವಾಗ ತನ್ನದೊಂದು ಯಾಕೆ ಹೇಳುವುದೆಂದು ದಾರದ ಡಬ್ಬದಲ್ಲಿ ಇಟ್ಟಿದ್ದಳಂತೆ.

ಡಾಕ್ಟರಮ್ಮ ಬಂದು ಯಾವಾಗಿನಿಂದ ತಲೆಸುತ್ತು, ಎಷ್ಟು ಸಲ ವಾಂತಿ, ಮರೆವು ಉಂಟೇ ಎಂದು ಕೇಳಿದಳು. ಇವಳು ಯೋಚಿಸಿ ಯೋಚಿಸಿ, "ನೆನಪಾಗ್ತಿಲ್ಲ" ಎಂದಳು. ನೆನಪಾಗುತ್ತಿಲ್ಲ ಎಂಬುದಕ್ಕೇ ಹೆದರಿದ ಹಾಗಿತ್ತು. ಮೆದುಳಿಗೆ ಎಷ್ಟು ಪೆಟ್ಟಾಗಿದೆ ಎಂದು ತಿಳಿಯಲು ಇದೆಲ್ಲ ಬೇಕೇ ಬೇಕಂತೆ.

"ನನ್ನ ಹತ್ರ ಬರೆದಿಟ್ಟಿದೆ" ಅಂದೆ.

ಚೀಲದಲ್ಲೇ ಇತ್ತು ಈ ಪುಸ್ತಕ. ತಾರೀಖು ನೋಡಿ ನೋಡಿ ಓದಿದೆ. ಏಪ್ರಿಲ್ ಒಂಬತ್ತು, ಮೂರು ಸಲ ಹೊರಗೆ ಹೋಗಿ ಕಂಬ ಹಿಡಿದು ನಿಂತಳು. ಡಾಕ್ಟರಮ್ಮ 'ತಲೆಸುತ್ತು, ಮೂರು ಸಲ' ಎಂದು ಬರೆದುಕೊಂಡಳು. ಏಪ್ರಿಲ್ ಹದಿನೇಳು, ಫಾರಂ ಹಿಂದುಮುಂದು. 'ಗಮನ, ಮರೆವು' ಎಂದು ಬರೆದುಕೊಂಡಳು. ಗುಳಿಗೆ ಮೂರು ದಿನಕ್ಕೆ ಐದು. ನಡುನಡುವಿನ ವಾಕ್ಯಗಳನ್ನು ನುಂಗಿ ನುಂಗಿ ಓದಿದೆ. ನನ್ನ ಪುಸ್ತಕದಲ್ಲಿ ಅಪರಾಧವಾಗಿದ್ದದ್ದೆಲ್ಲ ಅವಳ ಕಾಗದದಲ್ಲಿ ಕಾಯಿಲೆಯಾಗಿ ಇಳಿಯುತ್ತಿತ್ತು. ಇವಳು ಹಾಸಿಗೆಯಿಂದ ನನ್ನನ್ನೇ ನೋಡುತ್ತಿದ್ದಳು, ಅಷ್ಟೊಂದು ಅಕ್ಕರೆಯಿಂದ. ತನ್ನನ್ನು ಇಷ್ಟು ಗಮನಿಸುತ್ತಿದ್ದನಲ್ಲ ಎಂದು.

"ಯಾವತ್ತಾದ್ರೂ ಪ್ರಜ್ಞೆ ತಪ್ಪಿದ್ದು ಉಂಟಾ, ನಿನ್ನೆ ಬಿಟ್ಟು?"

"ಇಲ್ಲಪ್ಪ" ಎಂದಳು ಇವಳು.

ಗುಳಿಗೆಯ ಸಾಲು ಓದಿ ಉಳಿದದ್ದನ್ನು ಬಿಟ್ಟು ಹಾಳೆ ಮಗುಚಿದ್ದೆ. ಹಿಂದಕ್ಕೆ ಮಗುಚಿದೆ.

"ಉಂಟು" ಅಂದೆ. "ಮೇ ಹತ್ತು. ಹನ್ನೊಂದು ನಿಮಿಷ."

ಡಾಕ್ಟರಮ್ಮ ತಲೆಯೆತ್ತಿದಳು. "ಹನ್ನೊಂದೇ ಅಂತ ಅಷ್ಟು ಸರಿಯಾಗಿ ಹೇಗೆ ಗೊತ್ತು?"

"ಗಡಿಯಾರ ನೋಡಿದೆ."

ಡಾಕ್ಟರಮ್ಮ ಅದನ್ನೂ ಬರೆದುಕೊಂಡು ಹೋದಳು. ಇವಳು ಮುಖವಾಡವನ್ನು ತಾನೇ ಎಳೆದು ಹಾಕಿಕೊಂಡು ಗೋಡೆಯ ಕಡೆ ತಿರುಗಿದಳು.

ಮೇ 27

ಇದನ್ನು ಬಿಡಿ ಹಾಳೆಯಲ್ಲಿ ಬರೆಯುತ್ತಿದ್ದೇನೆ.

ಬೆಳಗ್ಗೆ ಅವಳನ್ನು ಮನೆಗೆ ಕಳಿಸಿದರು. ಕೈ ನಡುಕ ಸ್ವಲ್ಪ ಉಳಿದಿದೆ, ಹೋಗುತ್ತದೆ ಅಂದಿದ್ದಾರೆ. ಮನೆಗೆ ಬಂದು ಕುರ್ಚಿಯಲ್ಲಿ ಕೂತವಳೇ ಕೈ ಚಾಚಿದಳು.

"ಆ ಪುಸ್ತಕ ಕೊಡಿ ಇಲ್ಲಿ."

"ಯಾಕೆ?"

"ಆ ಎರಡು ತಿಂಗಳು ನನ್ನ ತಲೇಲಿ ಇಲ್ಲ. ನಿಮ್ಮ ಹತ್ರ ಇದೆಯಲ್ಲ. ಓದ್ಕೋತೀನಿ."

ಒಳಗಿದೆ, ತರುತ್ತೇನೆ ಎಂದು ಹೋದೆ. ಅವಳು ಅವಸರ ಮಾಡಲಿಲ್ಲ. ಬೇಕೆಂದೇ ನನಗೆ ಸಮಯ ಕೊಟ್ಟಳೋ ಎಂದು ಆಗಲೂ ಅನುಮಾನಿಸಿದೆ. ಹುಟ್ಟುಗುಣ.

ಸಿಪ್ಪೆಯಷ್ಟು ತೆಳುವಾದ ಚಾಕು ಒಂದಿದೆ ನನ್ನ ಹತ್ತಿರ. ಹೊಲಿಗೆಯ ಪಕ್ಕ ಒಂದು ಎಳೆ ಬಿಟ್ಟು ಕೊಯ್ದು, ಮಡಿಕೆಯ ಆಚೆ ಬದಿಯ ಜೋಡಿ ಹಾಳೆ ಕಳಚದಂತೆ ಪಕ್ಕದ ಹಾಳೆಗೆ ಅಂಟಿಸಿ, ಒಂದು ಗಂಟೆ ಭಾರ ಹೇರಿದರೆ ಅಲ್ಲೊಂದು ಪುಟ ಇತ್ತೆಂದು ಯಾರ ಅಪ್ಪನಿಗೂ ತಿಳಿಯದು. ಬೇರೆಯವರಿಗಾಗಿ ಎಷ್ಟೋ ಸಲ ಮಾಡಿಕೊಟ್ಟಿದ್ದೇನೆ. ಮೇ ಮೂರು, ಏಳು, ಹತ್ತು. ಮೂರೂ ಒಂದೇ ಹಾಳೆಯ ಎರಡು ಬದಿಯಲ್ಲಿ ಬಂದಿವೆ. ಒಂದು ಕೊಯ್ತ ಸಾಕಿತ್ತು. ಚಾಕು ತೆಗೆದೂ ಆಗಿತ್ತು.

ಆ ಹನ್ನೊಂದು ನಿಮಿಷ ಅವಳಿಗೆ ಎಲ್ಲೂ ಇಲ್ಲ, ಆ ಹಾಳೆಯಲ್ಲಿ ಬಿಟ್ಟರೆ. ಅದನ್ನೂ ತೆಗೆದರೆ ಇನ್ನೊಮ್ಮೆ ಅವಳನ್ನು ನೆಲದ ಮೇಲೆ ಬಿಟ್ಟು ಕೂತಂತಾಗುತ್ತದೆ. ಚಾಕುವನ್ನು ಜಾಗದಲ್ಲಿಟ್ಟು ಪುಸ್ತಕ ತಂದು ಅವಳ ಮಡಿಲಲ್ಲಿಟ್ಟೆ.

ಅವಳು ಮೊದಲ ಪುಟದಿಂದಲೇ ಶುರು ಮಾಡಿದ್ದಾಳೆ. ಬೆರಳಿಟ್ಟು ಸಾಲು ಸಾಲಾಗಿ, ನಿಧಾನ. ನಾನು ಎದುರಿಗೇ ಕೂತಿದ್ದೇನೆ. ಈಗ ತಾನೇ ಭಾವನ ಹೆಸರು ಹೇಳಿ ರಕ್ತ ಕೊಟ್ಟದ್ದು ಬಂದಿರಬೇಕು, "ಥೂ ನಿಮ್ಮ" ಎಂದು ಜೋರಾಗಿ ನಕ್ಕು, ನನ್ನ ಕಡೆ ನೋಡಿ, ಮತ್ತೆ ತಲೆ ಬಗ್ಗಿಸಿದಳು.

ಅವಳಿನ್ನೂ ಮಾರ್ಚಿನಲ್ಲಿದ್ದಾಳೆ.